ಒಪ್ಪಿಸಿದ ಮುಖ

ಮದುವೆಯಾಗಿ ಈ ಊರಿಗೆ ಬಂದ ಮಾರನೆಯ ಬೆಳಗ್ಗೆ ನಾನು ಕಿರುಚಿಕೊಂಡಿದ್ದು ಈಗಲೂ ಕೇರಿಯ ಹೆಂಗಸರ ಬಾಯಲ್ಲಿದೆ. ಪಕ್ಕದಲ್ಲಿ ಮಲಗಿದ್ದವರಿಗೆ ಕಣ್ಣಿನ ಕೆಳಗಿನಿಂದ ಕೊರಳಿನವರೆಗೆ ಬರೀ ಕಪ್ಪು ಗಡ್ಡ. ಮೂಗು ಎಲ್ಲಿ ಮುಗಿಯಿತು, ಬಾಯಿ ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುತ್ತಿರಲಿಲ್ಲ. ಅತ್ತೆ ಹಿತ್ತಲಿನಿಂದ ಸೆಗಣಿ ಕೈಯಲ್ಲೇ ಓಡಿಬಂದು, “ಯಾಕೆ ತಾಯಿ, ಹಾವೇನಾದ್ರೂ ಬಂತಾ?” ಅಂದರು. ನಾನು ಬೆರಳು ತೋರಿಸಿದೆ. ಅವರು ಬಗ್ಗಿ ನೋಡಿ, “ಅಯ್ಯ, ಅವನೇ ಕಣೆ. ಇನ್ನೂ ಮುಖ ಮಾಡಿಸ್ಕಂಡು ಬಂದಿಲ್ಲ ಅಷ್ಟೆ. ಏ ತಿಪ್ಪೇಶಿ, ಏಳೋ, ದುರುಗಣ್ಣನ ತಾವ ಹೋಗಿ ಬಾ, ಹುಡುಗಿ ಹೆದರ್ಕಂಡೈತೆ,” ಎಂದು ಮತ್ತೆ ಸೆಗಣಿ ಕಡೆಗೆ ನಡೆದರು.

ಆಮೇಲೆ ಅಭ್ಯಾಸವಾಯಿತು. ನಮ್ಮೂರಿನಲ್ಲಿ ಗಂಡಸರಿಗೆ ಬೆಳಗ್ಗೆ ಮುಖ ಇರುವುದಿಲ್ಲ ಅನ್ನುವುದು, ಬೇರೆ ಊರಿನಲ್ಲಿ ನಲ್ಲಿಗೆ ಬೆಳಗ್ಗೆ ನೀರು ಬರುವುದಿಲ್ಲ ಅನ್ನುವಷ್ಟೇ ದೊಡ್ಡ ಮಾತು. ಎದ್ದವರು ತಲೆಗೆ ಟವೆಲ್ ಸುತ್ತಿಕೊಂಡು ದುರುಗಣ್ಣನ ಅಂಗಡಿಗೆ ಹೋಗುತ್ತಾರೆ. ಹೋಗುವಾಗ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಯಾರನ್ನು ಮಾತಾಡಿಸುತ್ತಿದ್ದೇವೆ ಅಂತಲೇ ಗೊತ್ತಿಲ್ಲದಿದ್ದರೆ ಏನಂತ ಮಾತಾಡಿಸುವುದು? ಬರುವಾಗ ಮಾತ್ರ ಬೀದಿ ತುಂಬ “ಏನಪ್ಪಾ, ತಿಂಡಿ ಆತಾ?” “ಏನ್ ಮಾವ, ಇವತ್ತು ಬಲು ಚೆಂದ ಬಂದೀಯ!” ಅನ್ನುವ ಗದ್ದಲ. ದುರುಗಣ್ಣ ಕುರ್ಚಿಯಲ್ಲಿ ಕೂತವನ ಗದ್ದಕ್ಕೆ ಹೆಬ್ಬೆಟ್ಟು ಒತ್ತಿ, “ಯಾರ ಮಗ?” ಅನ್ನುತ್ತಾನೆ. ಕೂತವನು ತಾಯಿಯ ಹೆಸರು ಹೇಳಬೇಕು. ಹೆಸರು ಕಿವಿಗೆ ಬಿದ್ದದ್ದೇ ದುರುಗಣ್ಣನ ಕೈ ನಡೆಯುತ್ತದೆ. ನೊರೆಯ ಕೆಳಗಿನಿಂದ ಮೊದಲು ಕೆನ್ನೆ, ಆಮೇಲೆ ತುಟಿ, ಕೊನೆಗೆ ಗದ್ದ, ಹೀಗೆ ಮನುಷ್ಯ ಹೊರಗೆ ಬರುತ್ತಾನೆ.

ಹುಡುಗರಿಗೆ ಮೀಸೆ ಚಿಗುರುವವರೆಗೆ ಈ ತಾಪತ್ರಯವಿಲ್ಲ. ಮೊದಲನೆಯ ಸಲ ಗಡ್ಡ ಮುಚ್ಚಿಕೊಂಡ ಬೆಳಗ್ಗೆ ತಾಯಿ ಮಗನನ್ನು ಕರೆದುಕೊಂಡು ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಅಂಗಡಿಗೆ ಹೋಗಬೇಕು. ದುರುಗಣ್ಣನ ಮುಂಗೈ ಮೇಲೆ ತನ್ನ ಕೈ ಇಟ್ಟು ಮಗನ ಮುಖವನ್ನು ಬಾಯಿಬಿಟ್ಟು ಹೇಳುತ್ತಾ ಹೋಗಬೇಕು. ಅವಳು ಹೇಳಿದ ಹಾಗೆ ಕತ್ತಿ ನಡೆಯುತ್ತದೆ. ಇದಕ್ಕೆ ಮುಖ ಒಪ್ಪಿಸುವುದು ಅನ್ನುತ್ತಾರೆ. ಒಂದೇ ಸಲ. ಆಮೇಲೆ ಆ ಮುಖ ದುರುಗಣ್ಣನ ಕೈಯಲ್ಲಿ ಇರುತ್ತದೆ, ದಿನಾ ಹೋಗಿ ಈಸಿಕೊಂಡು ಬರಬೇಕು.

ಅತ್ತೆ ತಮ್ಮ ಮಗನ ಮುಖ ಒಪ್ಪಿಸಿದ ಕಥೆಯನ್ನು ಕಡಲೆಕಾಯಿ ಬಿಡಿಸುತ್ತಾ ಎಷ್ಟು ಸಲ ಹೇಳಿದ್ದಾರೋ. “ಎಡಗೆನ್ನೇಲಿ ಒಂದು ಗುಳಿ ಅಂದೆ. ಗದ್ದದ ಮ್ಯಾಲೆ ಹಸುವಿನ ಕರ ಒದ್ದ ಕಲೆ ಅಂದೆ. ‘ಕಲೆ ಬಿಟ್ಟುಬಿಡ್ಲಾ ಕೆಂಚಮ್ಮಾ, ಹುಡುಗ ಇನ್ನೂ ಚೆಂದ ಕಾಣ್ತಾನೆ’ ಅಂದ ದುರುಗ. ಬ್ಯಾಡಪ್ಪ, ಅದು ಒದ್ದಾಗ ಅವನಿಗಿಂತ ಹೆಚ್ಚು ಅತ್ತೋಳು ನಾನು, ಇರ್ಲಿ ಬಿಡು ಅಂದೆ. ಮೇಲ್ತುಟಿ ಒಂಚೂರು ಎತ್ತಿದಂಗೆ, ಈಗ ನಗ್ತಾನೆ ಆಗ ನಗ್ತಾನೆ ಅನ್ನಂಗೆ ಅಂದೆ. ನೊರೆ ಒರೆಸಿದ್ರೆ, ಅದೇ ನನ್ನ ಮಗ! ದುರುಗನ ಕೈಗೆ ಮುತ್ತಿಟ್ಟು ಬಂದೆ ನೋಡು.” ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ಇವರ ಕೆನ್ನೆಯ ಗುಳಿ ನೋಡಿಯೇ ನಾನು ತಲೆಯಾಡಿಸಿದ್ದು. ಮದುವೆ ಚಪ್ಪರದಲ್ಲಿ ದುರುಗಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ, “ಸಿಟ್ಟಾಗ್ಬ್ಯಾಡಿ ತಾಯಿ, ಆವತ್ತು ಗುಳೀನ ಒಂಚೂರು ಆಳ ಇಟ್ಟಿದ್ದೆ. ನಾಳೆಯಿಂದ ಮಾಮೂಲಿ,” ಅಂದಿದ್ದ. ತಮಾಷೆ ಅಂದುಕೊಂಡು ನಾನು ನಕ್ಕಿದ್ದೆ. ಮಾಮೂಲಿ ಗುಳಿಯೂ ನನಗೆ ಸಾಕಾಗಿತ್ತು.

ಇವರು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ತೂಕ ಹಾಕುತ್ತಿದ್ದರು. ಅತ್ತೆಯ ಕಣ್ಣಿಗೆ ಪೊರೆ ಬಂದಿದ್ದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಬೆಕ್ಕನ್ನು ತುಳಿದರು, ಬೈದೆವು. ಕಾಫಿಗೆ ಉಪ್ಪು ಹಾಕಿದರು, ನಕ್ಕೆವು. ಒಂದು ದಿನ ಒಲೆಯೊಳಗೆ ಕೈ ಇಟ್ಟು, “ಬೆಂಕಿ ಆರೈತೆ ಅನ್ಕಂಡೆ,” ಅಂದರು. ಆವತ್ತು ಇವರು ಅವರನ್ನು ಬಸ್ಸಿನಲ್ಲಿ ಪಕ್ಕದ ಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿನ ಪೊರೆ ತೆಗೆಯಬಹುದು, ಹೊಸದರಂತೆ ಕಾಣುತ್ತದೆ ಅಂದರಂತೆ ಡಾಕ್ಟರು. ಅದಕ್ಕೆ ಆಗುವ ಖರ್ಚನ್ನೂ ಹೇಳಿದರಂತೆ. ಬಸ್ಸಿಳಿದು ಬರುವಾಗ ಅತ್ತೆ, “ಇನ್ನೇನ್ ನೋಡೋದೈತೆ ನಾನು? ಎಲ್ಲಾ ನೋಡಿದೀನಿ. ಮಗನ ಮುಖ ಒಳಗೈತೆ, ಕಣ್ಣು ಮುಚ್ಚಿದ್ರೂ ಕಾಣ್ತದೆ, ಬಿಟ್ರೂ ಕಾಣ್ತದೆ. ಬಿಡತ್ತ ಖರ್ಚ,” ಅನ್ನುತ್ತಿದ್ದರು.

ಅದೇ ಹೊತ್ತಿಗೆ ದುರುಗಣ್ಣ ಕೂಲಿ ಹೆಚ್ಚು ಮಾಡಿದ. ಸೋಪಿಗೆ ಹೆಚ್ಚಾಯಿತು, ಅಂಗಡಿ ಬಾಡಿಗೆ ಹೆಚ್ಚಾಯಿತು, ಮಾಡದೆ ಏನು ಮಾಡುತ್ತಾನೆ? ಆ ವಾರದ ಸಂತೆಯಿಂದ ಇವರು ಈರುಳ್ಳಿ ತರುವ ಬದಲು ಒಂದು ಸಣ್ಣ ತಗಡಿನ ಡಬ್ಬಿ ತಂದರು. ಒಳಗೆ ಹಿಡಿಕೆ, ತಿರುಪು, ಬಾಚಣಿಗೆಯಂಥ ಒಂದು ಬಾಯಿ, ಎಣ್ಣೆ ಕಾಗದದಲ್ಲಿ ಸುತ್ತಿದ ಬ್ಲೇಡು. ಮಕ್ಕಳಿಗೆ ಬೊಂಬೆ ಜೋಡಿಸಿ ತೋರಿಸುವ ಹಾಗೆ ಜೋಡಿಸಿ ತೋರಿಸಿದರು.

“ನೋಡೇ ಮಂಗಳ, ಇದು ಸೇಫ್ಟಿ ರೇಜರು. ಕುಯ್ಯಲ್ಲ. ಕಣ್ಣು ಮುಚ್ಕಂಡು ಎಳೆದ್ರೂ ಗಾಯ ಆಗಲ್ಲ ಅಂದ ಅಂಗಡಿಯೋನು. ದುರುಗಣ್ಣನಿಗೆ ಇಷ್ಟು ವರ್ಷ ಸುರಿದಿದ್ದನ್ನ ಇಟ್ಟಿದ್ರೆ ಅವ್ವನ ಕಣ್ಣೂ ಆಗ್ತಿತ್ತು, ನಿನಗೊಂದು ರೇಷ್ಮೆ ಸೀರೆನೂ ಬರ್ತಿತ್ತು.”

“ಸೀರೆ ಇರ್ಲಿ, ಮುಖ ಹೆಂಗ್ರಿ ಬರ್ತದೆ?”

“ನನ್ನ ಮುಖ ಕಣೇ. ನನಗೆ ಗೊತ್ತಿಲ್ವಾ?”

“ಒಂದು ದಿನನಾದ್ರೂ ನೋಡ್ಕಂಡಿದೀರಾ? ದುರುಗಣ್ಣನ ಅಂಗಡೀಲಿ ಕನ್ನಡಿ ಇರೋದು ಗೋಡೆ ಕಡೆ ತಿರುಗಿಸಿ.”

“ನೋಡ್ಕಂಡ್ರೆ ಆತು ಬಿಡು. ಏನ್ ಮಹಾ.”

ಮಾರನೆಯ ದಿನ ಹಿತ್ತಲಿನ ನುಗ್ಗೆ ಮರಕ್ಕೆ ಕನ್ನಡಿ ತಗುಲಿಹಾಕಿ ಕೂತರು. ನಾನು ಬಿಸಿನೀರು ಹಿಡಿದು ನಿಂತೆ, ಹೆರಿಗೆ ಮನೆಯಲ್ಲಿ ನಿಂತ ಹಾಗೆ. ಕೆನ್ನೆ ಬಂತು. ತುಟಿ ಬಂತು. ಗದ್ದ ಬಂತು. ಇವರೇ. ಗುಳಿ ಮಾತ್ರ ಒಂದು ಕೂದಲೆಳೆಯಷ್ಟು ಮೇಲೆ ಕೂತಿತ್ತು. ಅದನ್ನು ಹೇಳಿದರೆ, “ಮೊದಲನೇ ದಿನ ಅಲ್ವಾ, ಕೈ ಕೂರಬೇಕು,” ಅಂದರು. ಆಮೇಲೆ ದನಿ ಇಳಿಸಿ, “ಮಿಲ್ಲಿನ ಕೂಲೀಲಿ ಕೂಡಿಟ್ಟು ಕಣ್ಣು ಮಾಡಿಸ್ತೀನಿ ಅಂತ ಅವ್ವನಿಗೆ ಹೇಳ್ತೀನಿ, ರೇಜರ್ ವಿಚಾರ ಮಾತ್ರ ಹೇಳ್ಬ್ಯಾಡ. ನನ್ನ ಕಣ್ಣಿಗೋಸ್ಕರ ಮುಖನ ಬೀದಿಗೆ ಹಾಕ್ದ್ಯಾ ಅಂತ ಊಟ ಬಿಡ್ತಾಳೆ,” ಅಂದರು. ದುರುಗಣ್ಣನಿಗೆ ಕೊಡುತ್ತಿದ್ದದ್ದು ದಿನಾ ಅಡುಗೆಮನೆಯ ಸಾಸಿವೆ ಡಬ್ಬಿಗೆ ಬೀಳತೊಡಗಿತು. ಡಬ್ಬಿಯ ಸದ್ದು ದಿನದಿನಕ್ಕೆ ದಪ್ಪಗಾಗುತ್ತಿತ್ತು. ಆ ಸದ್ದು ಕೇಳಿದಾಗ ಇವರ ಮುಖದಲ್ಲಿ ಏಳುತ್ತಿದ್ದ ಸಂತೋಷ ನೋಡಿ ನಾನೂ ಸುಮ್ಮನಾದೆ.

ಮಿಲ್ಲಿಗೆ ಹೊರಡುವ ಮುಂಚೆ ಇವರು ಅತ್ತೆಯ ಮುಂದೆ ಬಗ್ಗುವುದು, ಅವರು ಕೆನ್ನೆ ಸವರಿ, “ಹೋಗ್ಬಾರಪ್ಪ,” ಅನ್ನುವುದು ದಿನದ ಪದ್ಧತಿ. ಒಂದೆರಡು ವಾರ ಅವರು ಏನೂ ಅನ್ನಲಿಲ್ಲ. ಆಮೇಲೊಂದು ದಿನ ಕೈ ಕೆನ್ನೆಯ ಮೇಲೆ ನಿಂತಿತು. “ದುರುಗನ ಕೈ ಯಾಕೋ ಒರಟಾಗೈತಲ್ಲೋ?” ಅಂದರು. “ಹೊಸ ಸೋಪು ಕಣವ್ವ,” ಅಂದರು ಇವರು. ಇನ್ನೊಂದು ದಿನ ಗದ್ದ ಸವರಿ, “ಕಲೆ ಎಲ್ಲೋಯ್ತೋ?” ಅಂದರು. “ವಯಸ್ಸಾದಂಗೆ ಮಾಯ್ತದೆ ಕಣವ್ವ.” ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡರು. ಸ್ವಲ್ಪ ದಿನಕ್ಕೆ ಸವರುವುದನ್ನೇ ಬಿಟ್ಟರು. “ಹೋಗ್ಬಾ,” ಅನ್ನುವುದು ಮಾತ್ರ ಉಳಿಯಿತು. ಕೇಳಿದರೆ, “ಡಾಕ್ಟ್ರು ಕಣ್ಣು ಕೊಟ್ಮೇಲೆ ನೋಡೇ ನೋಡ್ತೀನಲ್ಲ,” ಅನ್ನುತ್ತಿದ್ದರು.

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ದುರುಗಣ್ಣ ಸಿಕ್ಕ. ರಾಗಿ ಬೀಸುವ ಸದ್ದಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ. “ತಾಯಿ, ನಾನೇನ್ ತಪ್ಪು ಮಾಡ್ದೆ?” ಅಂದ.

“ತಪ್ಪೇನಿಲ್ಲ ದುರುಗಣ್ಣ. ಅತ್ತೆ ಕಣ್ಣಿಗೆ ಕೂಡಿಡ್ತಾವ್ರೆ.”

“ಕೂಡಿಡ್ಲಿ, ಬ್ಯಾಡ ಅಂದೋರ್ಯಾರು. ವಾರಕ್ಕೊಂದ್ ಸಲ ಕಳ್ಸಿ, ಕಾಸು ಕೊಡದು ಬ್ಯಾಡ. ಇನ್ನೂ ಕೈಯಲ್ಲೈತೆ ಅವರ ಮುಖ,” ಎಂದು ಹೆಬ್ಬೆಟ್ಟು ತೋರಿಸಿದ, ಅಲ್ಲೇ ಅಂಟಿಕೊಂಡಿದೆಯೋ ಎಂಬಂತೆ. “ದಿನಾ ಮುಟ್ಟಿದ್ರೆ ಇರ್ತದೆ ತಾಯಿ. ಬಿಟ್ರೆ ಕೈ ಮರೀತದೆ. ನಮ್ಮಪ್ಪನ ಮುಖಾನೇ ಮರ್ತಿದೀನಿ ನಾನು, ಅವನು ಇನ್ನೊಬ್ಬರ ತಾವ ಮಾಡಿಸ್ಕಂತಿದ್ದ.” ಆಮೇಲೆ ನಗಿಸಬೇಕೆಂದು, “ಬೇಕಾದ್ರೆ ಗುಳಿ ಆಳ ಇಡ್ತೀನಿ, ಪುಕ್ಸಟ್ಟೆ,” ಅಂದ.

ಮನೆಗೆ ಬಂದು ಹೇಳಿದೆ. ಇವರ ಕಿವಿ ಕೆಂಪಾಯಿತು. “ಧರ್ಮಕ್ಕೆ ಮುಖ ಇಸ್ಕಬೇಕಾ ನಾನು? ಊರೆಲ್ಲ ಏನನ್ನಲ್ಲ? ಕಾಸು ಕೊಡ್ತಿದ್ದೋನು ಈಗ ಕೈ ಒಡ್ಕಂಡು ಬಂದ ಅಂತ ಅವನ ಅಂಗಡೀಲಿ ಮಾತಾಡ್ಲಿ ಅಂತಾನಾ?”

“ಯಾರೂ ಏನೂ ಅನ್ನಲ್ಲ. ಹೋಗಿ ಬರ್ರಿ.”

“ಅವ್ವನ ಕಣ್ಣು ಆಗ್ಲಿ. ಆದ ಮಾರನೇ ದಿನವೇ ದುರುಗಣ್ಣನ ಕುರ್ಚೀಲಿ ಕೂತಿರ್ತೀನಿ. ಸಾಕಾ?” ಅಂದರು. ಆ ಮಾತನ್ನು ನಾನು ನಂಬಿದೆ. ಇವರೂ ನಂಬಿದ್ದರು.

ಇವರನ್ನು ನೋಡಿ ಪಕ್ಕದ ಮನೆಯ ಬಸಣ್ಣ ರೇಜರ್ ತಂದ. ಅವನನ್ನು ನೋಡಿ ಮಿಲ್ಲಿನವರೆಲ್ಲ ತಂದರು. ಮಿಲ್ಲಿನವರನ್ನು ನೋಡಿ ಊರೇ ತಂದಿತು. ಒಬ್ಬೊಬ್ಬರದೂ ಒಂದೊಂದು ಕಾರಣ: ಮಗಳ ಓಲೆ, ಮನೆಯ ಹೆಂಚು, ಒಂದು ರೇಡಿಯೋ. ಮೊದಮೊದಲು ಬೆಳಗಾದರೆ ಹಿತ್ತಲಿಂದ ಹಿತ್ತಲಿಗೆ “ನಿಂದು ಮೂಗು ಸರಿ ಬಂತೇನೋ?” “ಬಂತು ಕಣೋ, ನಿಂಗೇನಾದ್ರೂ ನಂದು ಬಂದೈತಾ ನೋಡ್ಕ,” ಎಂದು ಗಂಡಸರು ಕೂಗಾಡಿ ನಗುತ್ತಿದ್ದರು. ಬರಬರುತ್ತಾ ನಗುವಂಥದ್ದೇನೂ ಉಳಿಯಲಿಲ್ಲ. ಒಬ್ಬರ ಗುಳಿ ಹೋಯಿತು, ಒಬ್ಬರ ಡೊಂಕು ಮೂಗು ನೆಟ್ಟಗಾಯಿತು, ಬಸಣ್ಣನ ಸೀಳುತುಟಿ ಕೂಡಿಕೊಂಡಿತು. ಎಲ್ಲರಿಗೂ ಒಂದೇ ಮುಖ ಬಂತು. ಕೆಟ್ಟ ಮುಖವೇನಲ್ಲ. ನುಣುಪಾಗಿತ್ತು, ಲಕ್ಷಣವಾಗಿಯೇ ಇತ್ತು. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತು, ಇಳಿದು ಹೋದ ಮೇಲೆ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲವಲ್ಲ, ಅಂಥ ಮುಖ.

ದಿನಾ ನೋಡುವವರಿಗೆ ಇದು ತಿಳಿಯುವುದಿಲ್ಲ. ನನಗೆ ತಿಳಿದದ್ದು ಮಿಲ್ಲು ಬಿಟ್ಟ ಹೊತ್ತಿನಲ್ಲಿ. ಇವರು ಮರೆತು ಬಿಟ್ಟುಹೋಗಿದ್ದ ಬುತ್ತಿ ಕೊಡಲು ಹೋಗಿ ಗೇಟಿನ ಹತ್ತಿರ ನಿಂತಿದ್ದೆ. ಅವತ್ತು ಎಲ್ಲರನ್ನೂ ಬೇಗ ಬಿಟ್ಟಿದ್ದರು. ಒಬ್ಬರ ಹಿಂದೆ ಒಬ್ಬರು ಬಂದರು, ಅದೇ ಮುಖ, ಅದೇ ಮುಖ, ಅದೇ ಮುಖ. ನಾನು ಬುತ್ತಿ ಎತ್ತಿ ಹಿಡಿದು, ಯಾರಾದರೂ ಈಸಿಕೊಳ್ಳಲಿ ಎಂದು ಸುಮ್ಮನೆ ನಿಂತೆ. ಒಬ್ಬರು ಬಂದು ಈಸಿಕೊಂಡರು. “ಯಾಕೆ ಹಂಗ್ ನೋಡ್ತೀಯ?” ಅಂದಾಗ ದನಿಯಿಂದ ಗುರುತು ಸಿಕ್ಕಿತು. ದಾರಿಯುದ್ದಕ್ಕೂ ನಾನು ಒಂದು ಹೆಜ್ಜೆ ಹಿಂದೆಯೇ ನಡೆದೆ.

ಹೆಂಗಸರು ಉಪಾಯ ಮಾಡಿಕೊಂಡೆವು. ಅಂಗಿಯ ಮೇಲಿನ ಗುಂಡಿಯನ್ನು ಕಿತ್ತು ಒಬ್ಬೊಬ್ಬರು ಒಂದೊಂದು ಬಣ್ಣದ್ದು ಹಾಕಿದೆವು. ನಾನು ಹಸಿರು ಹಾಕಿದೆ, ಬಸಣ್ಣನ ಹೆಂಡತಿ ಕಾಳಮ್ಮ ಕೆಂಪು. ಮೈ ವಾಸನೆ ಉಪಯೋಗಕ್ಕೆ ಬರಲಿಲ್ಲ, ಅರ್ಧ ಊರು ಕಡಲೆಕಾಯಿ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಒಂದು ಮಧ್ಯಾಹ್ನ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದವನಿಗೆ ಕಾಳಮ್ಮ ಮುದ್ದೆ, ಉಪ್ಸಾರು ಬಡಿಸಿ, ಮಗಳ ಶಾಲೆಯ ವಿಚಾರವೆಲ್ಲ ಹೇಳಿ, ಬೈದು, ಮಜ್ಜಿಗೆಯನ್ನೂ ಕೊಟ್ಟಿದ್ದಾಳೆ. ಉಂಡು ಕೈ ತೊಳೆದ ಮೇಲೆ ಆತ, “ಸಾರು ಚೆನ್ನಾಗಿತ್ತು ಕಣಕ್ಕ, ನಾನು ಮೇಲಿನ ಬೀದಿ ರಂಗಪ್ಪ,” ಅಂದನಂತೆ. “ಮೊದಲೇ ಹೇಳೋದಲ್ವೇನೋ ನಿನ್ನ ಬಾಯಿಗೆ!” ಎಂದು ಕಾಳಮ್ಮ ಸೌಟು ಎತ್ತಿದರೆ, “ಬೈಯೋದು ನಿಲ್ಸಿದ್ರೆ ತಾನೆ ಹೇಳೋದು,” ಅಂದನಂತೆ. ಕೇರಿಯೆಲ್ಲ ಒಂದು ವಾರ ನಕ್ಕಿತು. ನಕ್ಕು ಮುಗಿದ ಮೇಲೆ ಕಾಳಮ್ಮ ನನ್ನ ಅಡುಗೆಮನೆಗೆ ಬಂದು ಕೂತು, “ಅವನಿಗೆ ಬಡಿಸುವಾಗ ನಂಗೇನೂ ಬ್ಯಾರೆ ಅನ್ನಿಸ್ಲೇ ಇಲ್ಲ ಕಣೆ ಮಂಗಳ,” ಎಂದು ಅತ್ತಳು.

ದುರುಗಣ್ಣನ ಅಂಗಡಿಗೆ ಬೀಗ ಬಿತ್ತು. ಕುರ್ಚಿ ಮಾರಿಕೊಂಡ ಎಂದರು. ಊರಾಚೆಯ ಹಟ್ಟಿಗಳಲ್ಲಿ ಕುರಿ ಉಣ್ಣೆ ಕತ್ತರಿಸುತ್ತಿದ್ದಾನೆ ಎಂದರು. ಯಾರೋ ಪಾಪ ಅಂದರು, ಯಾರೋ ಕೂಲಿ ಹೆಚ್ಚು ಮಾಡಿದ್ದಕ್ಕೆ ಸರಿಯಾಯಿತು ಅಂದರು. ಯಾರು ಯಾವುದನ್ನು ಅಂದರು ಅಂತ ಈಗ ಹೇಳಲಿಕ್ಕಾಗುವುದಿಲ್ಲ, ಎಲ್ಲರದೂ ಒಂದೇ ಮುಖ.

ಸಾಸಿವೆ ಡಬ್ಬಿ ತುಂಬಿತು. ಅದರ ಜೊತೆಗೆ ಮಿಲ್ಲಿನಲ್ಲಿ ಒಂದಿಷ್ಟು ಮುಂಗಡ ತೆಗೆದು ಇವರು ಅತ್ತೆಯನ್ನು ಪೇಟೆಗೆ ಕರೆದುಕೊಂಡು ಹೋಗಿ ಎರಡೂ ಕಣ್ಣು ಮಾಡಿಸಿದರು. ಪಟ್ಟಿ ಬಿಚ್ಚುವ ದಿನ ನಾನೂ ಹೋದೆ. ನರ್ಸಮ್ಮ ಹತ್ತಿ ತೆಗೆದು, “ಮೆಲ್ಲಗೆ ಬಿಡಿ ಅಜ್ಜಿ,” ಅಂದರು. ಅತ್ತೆ ಬಿಟ್ಟರು. ಮೊದಲು ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿದರು. “ಅಯ್ಯೋ, ಇಷ್ಟು ಮುದುಕಿ ಆಗೋದ್ನಾ?” ಆಮೇಲೆ ನನ್ನನ್ನು. “ಯಾಕೆ ತಾಯಿ ಇಷ್ಟು ಸೊರಗೀಯ? ಬೈತಲೆ ಬೆಳ್ಳಗಾಗೈತೆ. ಯಾರೂ ಹೇಳೇ ಇಲ್ಲ ನಂಗೆ,” ಎಂದು ನನ್ನ ಕೂದಲು ಮುಟ್ಟಿದರು. ಕಿಟಕಿಯಾಚೆ ಒಣಗಿಹಾಕಿದ್ದ ಸೀರೆಯ ಅಂಚಿನ ಬಣ್ಣ ಹೇಳಿದರು. ಗೋಡೆಯ ಮೇಲಿನ ಹಲ್ಲಿ ತೋರಿಸಿದರು. ಖುಷಿಗೆ ನರ್ಸಮ್ಮನೂ ನಕ್ಕರು. ಇವರು ಮಂಚದ ಕಾಲ ಬುಡದಲ್ಲಿ ನಿಂತು ಕಾಯುತ್ತಿದ್ದರು. ಹೊಸ ಅಂಗಿ ಹಾಕಿದ್ದರು, ಹಸಿರು ಗುಂಡಿ ನಾನೇ ಹೊಲಿದಿದ್ದೆ.

ಅತ್ತೆ ಇವರನ್ನು ನೋಡಿದರು. ಸೆರಗು ಸರಿಮಾಡಿಕೊಂಡು, “ಇವರು ಡಾಕ್ಟ್ರ ಕಡೆಯೋರಾ?” ಎಂದು ನನ್ನನ್ನು ಕೇಳಿದರು.

“ಅವ್ವಾ,” ಅಂದರು ಇವರು.

ದನಿ ಕೇಳಿದ್ದೇ ಅತ್ತೆಯ ಮುಖ ಅರಳಿತು. “ಬಂದ್ಯಾ ಮಗಾ!” ಎಂದು ಕೈ ಚಾಚಿ, ಕತ್ತು ಪಕ್ಕಕ್ಕೆ ಬಾಗಿಸಿ, ಇವರ ಭುಜದ ಹಿಂದೆ ಬಾಗಿಲ ಕಡೆ ಇಣುಕಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಇವರನ್ನು ನೋಡಿದರು. ಮತ್ತೆ ಬಾಗಿಲು ನೋಡಿದರು. ಚಾಚಿದ ಕೈ ಮೆಲ್ಲಗೆ ಮಡಿಲಿಗೆ ಬಂತು.

ಬಸ್ಸಿನಲ್ಲಿ ಊರಿಗೆ ಹೊರಟೆವು. ಊರು ಹತ್ತಿರವಾದಾಗ ನಾನೇ ಎಲ್ಲ ಹೇಳಿದೆ. ರೇಜರು, ಡಬ್ಬಿ, ಹೊಸ ಸೋಪಿನ ಸುಳ್ಳು. ಅತ್ತೆ ಕಿಟಕಿಯಾಚೆ ನೋಡುತ್ತಲೇ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. “ಒಪ್ಪಿಸಿದ್ದು ದುರುಗನ ಹತ್ರ ಐತಲ್ಲ. ಅವನನ್ನ ಹುಡುಕ್ರಿ,” ಅಂದರು ಅಷ್ಟೆ.

ಮಾರನೆಯ ಬೆಳಗ್ಗೆ ಇವರು ರೇಜರ್ ಮುಟ್ಟಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಹಿಂದೆ ಹೋಗುತ್ತಿದ್ದ ಹಾಗೆ, ಗಡ್ಡದ ಮುಖದಲ್ಲೇ ಹೊರಟರು. ಅತ್ತೆಯ ಕೈ ನಾನು ಹಿಡಿದೆ, ಬೇಡ ಅಂದರು, ದಾರಿ ಕಾಣುತ್ತಿತ್ತಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಅವರೇ ಮಡಿಲಲ್ಲಿ ಕಟ್ಟಿಕೊಂಡಿದ್ದರು. ಹಟ್ಟಿಯಲ್ಲಿ ದುರುಗಣ್ಣ ಒಂದು ಟಗರನ್ನು ಮೊಣಕಾಲಿನಡಿ ಕೆಡವಿಕೊಂಡು ಕತ್ತರಿ ಆಡಿಸುತ್ತಿದ್ದ. ನಮ್ಮನ್ನು ನೋಡಿ ಎದ್ದ. ಅರ್ಧ ಕತ್ತರಿಸಿದ ಟಗರು ಓಡಿಹೋಯಿತು, ಅವನು ಅದರ ಕಡೆ ನೋಡಲೂ ಇಲ್ಲ. ಕೈಯನ್ನು ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದ. ಹಳೆಯ ಕತ್ತಿಯನ್ನು ಚೀಲದ ತಳದಿಂದ ತೆಗೆದು ಚರ್ಮದ ಪಟ್ಟಿಗೆ ಮಸೆದ. ಇವರನ್ನು ಕಲ್ಲಿನ ಮೇಲೆ ಕೂರಿಸಿ ನೊರೆ ಹಚ್ಚಿದ. ಗದ್ದಕ್ಕೆ ಹೆಬ್ಬೆಟ್ಟು ಒತ್ತಿ, “ಯಾರ ಮಗ?” ಅಂದ.

“ಕೆಂಚಮ್ಮನ ಮಗ,” ಅಂದರು ಇವರು.

ದುರುಗಣ್ಣನ ಕೈ ನಡೆಯಲಿಲ್ಲ. ಕತ್ತಿ ಕೆನ್ನೆಯ ಹತ್ತಿರ ಹೋಗಿ ನಿಂತಿತು. ಇನ್ನೊಂದು ಸಲ ಕೇಳಿದ. ಇವರು ಇನ್ನೊಂದು ಸಲ ಹೇಳಿದರು. ದುರುಗಣ್ಣ ಹೆಬ್ಬೆಟ್ಟನ್ನು ತೆಗೆದು ನೋಡಿಕೊಂಡ. “ಕೈಯಲ್ಲಿ ಕುರಿ ಬಿಟ್ರೆ ಏನಿಲ್ಲ ಕೆಂಚಮ್ಮಾ,” ಅಂದ. ಆಮೇಲೆ, “ಇನ್ನೊಂದ್ ಸಲ ಒಪ್ಸು. ಹಂಗೆ ಮಾಡಬಾರ್ದು ಅಂತ ಎಲ್ಲೂ ಇಲ್ಲ. ನೀನು ಹೇಳು, ನಾನು ತೆಗೀತೀನಿ.”

ಅತ್ತೆಗೆ ಜೀವ ಬಂದ ಹಾಗಾಯಿತು. ಹತ್ತಿರ ಹೋಗಿ ಅವನ ಮುಂಗೈ ಮೇಲೆ ಕೈ ಇಟ್ಟರು. ಬಾಯಿ ತೆರೆದರು. ಇವರ ಕಡೆ ನೋಡಿದರು, ನೊರೆಯ ಮೇಲಿನ ಎರಡು ಕಣ್ಣುಗಳ ಕಡೆ. ಬಾಯಿ ಮುಚ್ಚಿದರು. ಕಣ್ಣನ್ನೂ ಮುಚ್ಚಿಕೊಂಡರು. ಬಿಸಿಲು ಏರುತ್ತಿತ್ತು. ದುರುಗಣ್ಣ ಕತ್ತಿ ಹಿಡಿದು ಕಾದ. ಇವರು ಕತ್ತು ಎತ್ತಿ, ಕದಲದೆ, ಮೊದಲನೆಯ ಸಲ ಬಂದ ಹುಡುಗನ ಹಾಗೆ ಕಾದರು.

“ಎಡಗೆನ್ನೇಲಿ ಗುಳಿ ಅಂದಿದ್ರಲ್ಲ ಅತ್ತೆ,” ಅಂದೆ ನಾನು. “ಗದ್ದದಲ್ಲಿ ಕರ ಒದ್ದ ಕಲೆ. ತುಟಿ ಎತ್ತಿದಂಗೆ...”

“ಅದು ಮಾತು ಕಣೆ ಮಂಗಳ. ಮಾತೆಲ್ಲಾ ನೆನಪೈತೆ,” ಅಂದರು ಅತ್ತೆ, ಕಣ್ಣು ತೆರೆಯದೆ. “ಗುಳಿ ಅಂತೀನಿ, ಯಾರ ಕೆನ್ನೇಲಿ ಅಂತ ಕಾಣ್ತಿಲ್ಲ. ಕತ್ತಲಾಗಿದ್ದಾಗ ದಿನಾ ಕಾಣ್ತಿದ್ದ. ಒಲೆ ಮುಂದೆ ಕೂತ್ರೆ ಎದುರಿಗೇ ಇರ್ತಿದ್ದ. ನಿನ್ನೆ ಪಟ್ಟಿ ಬಿಚ್ಚಿ ಇವನನ್ನ ನೋಡಿದ್ನಲ್ಲ, ಈಗ ಕಣ್ಣು ಮುಚ್ಚಿದ್ರೂ ಇವನೇ ಬಂದು ಕೂರ್ತಾನೆ. ಎದ್ದೋಗು ಅಂದ್ರೂ ಹೋಗಲ್ಲ.”

“ನಾನು ಒಪ್ಸಲಾ?” ಅಂದೆ. ದುರುಗಣ್ಣ ತನ್ನ ಮುಂಗೈಯನ್ನು ನನ್ನ ಕಡೆ ನೀಡಿದ. ಅದರ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದೆ. ನಮ್ಮ ಮನೆಗೆ ಹೆಣ್ಣು ನೋಡಲು ಬಂದವರನ್ನು ಹುಡುಕಿದೆ. ನಮ್ಮ ಜಗುಲಿ ಕಂಡಿತು, ಚಾಪೆ ಕಂಡಿತು, ತಟ್ಟೆಯಲ್ಲಿನ ಉಪ್ಪಿಟ್ಟು ಕಂಡಿತು. ಚಾಪೆಯ ಮೇಲೆ ಕೂತು ನನ್ನನ್ನು ನೋಡಿ ನಗುತ್ತಿದ್ದವನು ಬಸಣ್ಣನಾಗಿರಬಹುದು, ರಂಗಪ್ಪನಾಗಿರಬಹುದು. ನಾನು ಕೈ ತೆಗೆದೆ.

ಇವರ ಮುಖದ ಮೇಲೆ ನೊರೆ ಒಣಗಿ ಬಿರುಕು ಬಿಟ್ಟಿತ್ತು. ದುರುಗಣ್ಣ ತನ್ನ ಹೆಗಲ ಟವೆಲನ್ನು ಒದ್ದೆ ಮಾಡಿ, ಮಗುವಿಗೆ ಒರೆಸುವ ಹಾಗೆ ಮೆಲ್ಲಗೆ ಒರೆಸಿದ. ಕೆಳಗೆ ಗಡ್ಡ ಹಾಗೆಯೇ ಇತ್ತು. ತೆಂಗಿನಕಾಯಿಯನ್ನು ಅತ್ತೆ ಅವನಿಗೇ ಕೊಟ್ಟರು. “ಇದನ್ನ ಹೆಂಗ್ ತಗಳ್ಳಿ ಕೆಂಚಮ್ಮಾ?” ಅಂದ. “ತಗೋ. ನಿನ್ನ ತಪ್ಪೇನೈತೆ,” ಅಂದರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾವು ಇಳಿಜಾರು ಇಳಿಯುವವರೆಗೆ ಕುರಿಗಳ ಮಧ್ಯೆ ನಿಂತೇ ಇದ್ದ. ಮನೆಗೆ ಬಂದ ಮೇಲೆ ಇವರು ನುಗ್ಗೆ ಮರದ ಕೆಳಗೆ ಕೂತು ರೇಜರ್ ಜೋಡಿಸಿದರು. ಮಿಲ್ಲಿಗೆ ಹೋಗಬೇಕಿತ್ತು.

ಅತ್ತೆ ಈಗ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ಅಕ್ಕಿ ಆರಿಸುವಾಗ ಬಿಡುತ್ತಾರೆ, ಬೆಕ್ಕಿಗೆ ಹಾಲು ಹಾಕುವಾಗ ಬಿಡುತ್ತಾರೆ. ಮಿಲ್ಲು ಬಿಡುವ ಹೊತ್ತಾಯಿತು ಎಂದರೆ ಜಗುಲಿಯ ಮೇಲೆ ಗೋಡೆಗೆ ಒರಗಿ ಮುಚ್ಚಿಕೊಳ್ಳುತ್ತಾರೆ. ಇವರು ಬಂದು, “ಅವ್ವಾ,” ಅಂದರೆ, “ಬಂದ್ಯಾ ಮಗಾ, ಕೈಕಾಲು ತೊಳ್ಕ,” ಅನ್ನುತ್ತಾರೆ. ಹಾಗೆ ಅವರು ಮಾತಾಡುತ್ತಾರೆ, ಎಷ್ಟೋ ಹೊತ್ತು, ಹಿಂದಿನಂತೆಯೇ. ಕಾಳಮ್ಮ ತಡೆಯಲಾರದೆ, “ಅಷ್ಟು ಕಷ್ಟಪಟ್ಟು ಕಣ್ಣು ಮಾಡ್ಸವ್ನಲ್ಲ ದೊಡ್ಡವ್ವ, ಬಿಟ್ಟು ನೋಡ್ಬಾರ್ದಾ ಒಂದ್ ಸಲ?” ಅಂದಳು. “ನೋಡ್ದೆ ಕಣವ್ವ,” ಅಂದರು ಅತ್ತೆ. “ನೋಡ್ದೆ. ಅದಕ್ಕೇ.”

ಮೊನ್ನೆ ಮಿಲ್ಲು ಹೊತ್ತಿಗೆ ಮುಂಚೆ ಬಿಟ್ಟಿತು. ಸೆಖೆಗೆ ಇವರು ಅಂಗಿ ಬಿಚ್ಚಿ ಕಂಕುಳಲ್ಲಿ ಮಡಚಿಟ್ಟುಕೊಂಡು ಬಂದಿದ್ದರು. ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು, ಕಣ್ಣು ಬಿಟ್ಟುಕೊಂಡೇ. ತಲೆ ಎತ್ತಿ ಮೆಟ್ಟಿಲ ಬಳಿ ನಿಂತವರನ್ನು ನೋಡಿದರು. ಊರಿನ ಯಾರೋ ಒಬ್ಬರು. ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

“ಬರ್ರಿ ಅಣ್ಣ, ಕೂತ್ಕಳಿ. ನನ್ನ ಮಗ ಮಿಲ್ಲಿಂದ ಬರೋ ಹೊತ್ತು. ಮಂಗಳಾ, ಯಾರೋ ಬಂದವ್ರೆ, ನೀರು ತಗಂಬಾ.”

ನಾನು ಚೊಂಬು ಹಿಡಿದು ಬಾಗಿಲಿಗೆ ಬಂದೆ. ಇವರು ನನ್ನನ್ನು ನೋಡಿದರು. ಒಂದು ಮಾತು ಆಡಿದ್ದರೆ ಸಾಕಿತ್ತು, ಅತ್ತೆ ಕಣ್ಣು ಮುಚ್ಚಿ, ಬಂದ್ಯಾ ಮಗಾ ಅನ್ನುತ್ತಿದ್ದರು. ಇವರು ಬಾಯಿ ಬಿಡಲಿಲ್ಲ. ನೀರು ಈಸಿಕೊಂಡರು, ಕುಡಿದರು, ಚೊಂಬನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ಜಗುಲಿಯ ತುದಿಯಲ್ಲಿ, ಬೇರೆಯವರ ಮನೆಗೆ ಬಂದವರು ಕೂರುವ ಹಾಗೆ, ಮೈ ಮುದುರಿಕೊಂಡು ಕೂತರು. ಅತ್ತೆ ಅವರೆಕಾಯಿ ಸುಲಿಯುತ್ತಾ ಆಗೊಮ್ಮೆ ಈಗೊಮ್ಮೆ ಬೀದಿಯ ತಿರುವಿನ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಇವರೂ ಕತ್ತು ಹೊರಳಿಸಿ ಆ ತಿರುವಿನ ಕಡೆಯೇ ನೋಡುತ್ತಾ ಕೂತರು.